ಸಿಗಡಿಗೆ ಲಸಿಕೆ ಯಾಕಿಲ್ಲ? ಹೊಂಡದಿಂದ ಪ್ರಯೋಗಾಲಯದವರೆಗೆ ಒಂದು ವಿವರಣೆ

ಹಸುವಿಗೆ ಆರು ತಿಂಗಳಿಗೊಮ್ಮೆ ಕಾಲುಬಾಯಿ ಜ್ವರದ ಚುಚ್ಚುಮದ್ದು ಬೀಳುತ್ತದೆ. ಕೋಳಿಮರಿಗೆ ಕೊಕ್ಕರೆ ರೋಗದ ಲಸಿಕೆ ಹನಿಯಾಗಿ ಹೋಗುತ್ತದೆ. ಹಾಗಾಗಿ ಹಾಸನ, ಚಿಕ್ಕಮಗಳೂರು ಕಡೆ ಹೊಂಡದಲ್ಲಿ ಕಾಟ್ಲಾ, ರೋಹು ಜೊತೆ ಸಿಹಿನೀರು ಸಿಗಡಿಯನ್ನೂ ಬಿಡಲು ಹೊರಟವರು ಮೊದಲು ಕೇಳುವುದೇ ಇದನ್ನು: ಸಿಗಡಿಗೆ ಯಾವ ಲಸಿಕೆ, ಎಷ್ಟು ದಿನಕ್ಕೆ? ಸಿಗಡಿಗೆ ಲಸಿಕೆ ಇಲ್ಲ. ಕಂಪನಿಗಳು ಇನ್ನೂ ತಯಾರಿಸಿಲ್ಲ ಅಂತಲ್ಲ, ಲಸಿಕೆ ಕೆಲಸ ಮಾಡಬೇಕಾದರೆ ಮೈಯಲ್ಲಿ ಏನಿರಬೇಕೋ ಅದೇ ಸಿಗಡಿಗೆ ಇಲ್ಲ. ಇದೊಂದು ತಿಳಿದರೆ, ಮರಿ ತರುವ ಮುಂಚೆ ಪರೀಕ್ಷೆ ಯಾಕೆ, ಅಂಗಡಿಯ ‘ಇಮ್ಯುನಿಟಿ’ ಪುಡಿಯನ್ನು ಎಷ್ಟು ನಂಬಬೇಕು, ಹೊಂಡದ ಲೆಕ್ಕ ಬರೆದಿಡಿ ಎಂದು ವಿಜ್ಞಾನಿಗಳು ಯಾಕೆ ದುಂಬಾಲು ಬೀಳುತ್ತಾರೆ ಎಂಬುದಕ್ಕೆಲ್ಲ ಉತ್ತರ ಸಿಗುತ್ತದೆ.

ಸಿಗಡಿಯ ಮೈಯ ಕಾವಲು

ದನ, ಕೋಳಿ, ಮನುಷ್ಯ, ಮೀನು ಎಲ್ಲಕ್ಕೂ ಬೆನ್ನೆಲುಬಿದೆ. ಇಂಥ ಪ್ರಾಣಿಗಳ ಮೈಗೆ ರೋಗಾಣು ಹೊಕ್ಕರೆ ಅದಕ್ಕೆ ಮಾತ್ರ ಹೊಂದುವ ಪ್ರತಿಕಾಯಗಳು ತಯಾರಾಗುತ್ತವೆ. ಅವನ್ನು ತಯಾರಿಸಿದ ಜೀವಕೋಶಗಳಲ್ಲಿ ಕೆಲವು ಬಹುಕಾಲ ಉಳಿದು, ಅದೇ ರೋಗಾಣು ಮತ್ತೆ ಬಂದಾಗ ಗುರುತು ಹಿಡಿಯುತ್ತವೆ. ಈ ನೆನಪನ್ನು ರೋಗ ಬರುವ ಮೊದಲೇ ಮೂಡಿಸುವುದು ಲಸಿಕೆಯ ಕೆಲಸ. ಸಿಗಡಿ, ಏಡಿ, ಕಪ್ಪೆಚಿಪ್ಪು ಇವುಗಳಲ್ಲಿ ಪ್ರತಿಕಾಯವೂ ಇಲ್ಲ, ಅದನ್ನು ತಯಾರಿಸುವ ಕೋಶವೂ ಇಲ್ಲ.

ಹಾಗಂತ ಅವು ಬರಿಗೈಯಲ್ಲಿಲ್ಲ. ಮೊದಲ ತಡೆ ಚಿಪ್ಪು. ಕೈಟಿನ್ ಎಂಬ ಗಟ್ಟಿ ವಸ್ತುವಿಗೆ ಸುಣ್ಣದಂಶ ಸೇರಿ ಆದ ಈ ಕವಚವನ್ನು ಬ್ಯಾಕ್ಟೀರಿಯಾ ಸುಲಭವಾಗಿ ದಾಟಲಾರದು. ಗಾಯವಾಗಿ ಒಳಹೊಕ್ಕಿತು ಅನ್ನಿ, ಅಲ್ಲಿ ರಕ್ತ ಎದುರಾಗುತ್ತದೆ. ಸಿಗಡಿಯ ರಕ್ತ ಕೆಂಪಲ್ಲ. ಆಮ್ಲಜನಕ ಹೊರುವ ಹೀಮೋಸಯನಿನ್‌ನಲ್ಲಿ ಕಬ್ಬಿಣದ ಜಾಗದಲ್ಲಿ ತಾಮ್ರ ಇರುವುದರಿಂದ ತಿಳಿನೀಲಿ ಛಾಯೆ. ಅದರಲ್ಲಿ ತೇಲುವ ರಕ್ತಕಣಗಳು, ಒಳಗಿರುವ ಹರಳಿನ (ರಾಸಾಯನಿಕ ತುಂಬಿದ ಸೂಕ್ಷ್ಮ ಕಾಳಿನ) ಲೆಕ್ಕದಲ್ಲಿ, ಮೂರು ಬಗೆ: ಹರಳಿಲ್ಲದವು, ಅಲ್ಪಸ್ವಲ್ಪ ಹರಳಿರುವವು, ತುಂಬ ಹರಳಿರುವವು. ಕೆಲವು ರೋಗಾಣುವನ್ನು ನುಂಗುತ್ತವೆ, ಕೆಲವು ಗುಂಪಾಗಿ ಸುತ್ತುವರಿದು ಗಂಟು ಕಟ್ಟುತ್ತವೆ, ಹರಳಿರುವವು ಒಡೆದು ಒಳಗಿನ ರಾಸಾಯನಿಕವನ್ನು ಹೊರಚೆಲ್ಲುತ್ತವೆ.

ಈ ಹೊರಚೆಲ್ಲುವ ಕೆಲಸವನ್ನು ಸ್ವಲ್ಪ ಬಿಡಿಸಿ ನೋಡಬೇಕು, ಯಾಕೆಂದರೆ ಹೊಂಡದ ದಂಡೆಯಲ್ಲಿ ನಿಂತವರ ಕಣ್ಣಿಗೆ ಕಾಣುವುದು ಇದೊಂದೇ. ಶಿಲೀಂಧ್ರದ ಗೋಡೆಯಲ್ಲಿ ಬೀಟಾ-ಗ್ಲುಕನ್ ಇರುತ್ತದೆ, ಬ್ಯಾಕ್ಟೀರಿಯಾದ ಗೋಡೆಯಲ್ಲಿ ಪೆಪ್ಟಿಡೋಗ್ಲೈಕನ್, ಲಿಪೊಪಾಲಿಸ್ಯಾಕರೈಡ್ ಮುಂತಾದವು. ಸಿಗಡಿಯ ರಕ್ತದ ಕೆಲವು ಪ್ರೋಟೀನುಗಳು ಇವನ್ನು ತಾಗಿದ ಕೂಡಲೇ ಒಂದರ ಹಿಂದೊಂದು ಕಿಣ್ವ ಚುರುಕಾಗುತ್ತಾ ಹೋಗಿ, ಕೊನೆಗೆ ಸುಪ್ತವಾಗಿದ್ದ ಪ್ರೊಫಿನಾಲ್‌ಆಕ್ಸಿಡೇಸ್ ಕೆಲಸಕ್ಕೆ ಇಳಿಯುತ್ತದೆ. ಅದರಿಂದ ಹುಟ್ಟುವುದು ಮೆಲನಿನ್ ಎಂಬ ಕಪ್ಪು ವಸ್ತು. ರೋಗಾಣು ಅದರೊಳಗೆ ಹೂತುಹೋಗುತ್ತದೆ. ಮೆಲನಿನ್ ಆಗುವ ದಾರಿಯಲ್ಲಿ ಹುಟ್ಟುವ ಮಧ್ಯಂತರ ವಸ್ತುಗಳೂ ರೋಗಾಣುವಿಗೆ ವಿಷ. ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದ ಕೆನೆತ್ ಸೊಡರ್‌ಹಾಲ್ ಮತ್ತು ಸಂಗಡಿಗರು ಸಿಗಡಿಯ ಬಂಧುವಾದ ಸಿಹಿನೀರಿನ ಕ್ರೇಫಿಶ್ ಮೇಲೆ ದಶಕಗಳ ಕಾಲ ದುಡಿದು ಈ ಸರಪಳಿಯನ್ನು ಬಿಡಿಸಿಟ್ಟರು. ಸಿಗಡಿಯ ಚಿಪ್ಪಿನ ಮೇಲೆ ಕಾಣುವ ಕಪ್ಪು ಚುಕ್ಕೆ ಬಹಳ ಸಲ ಇದರದ್ದೇ ಗುರುತು. ಎಲ್ಲೋ ಬಲೆ ತಾಗಿ ಗಾಯವಾಗಿದೆ, ಬ್ಯಾಕ್ಟೀರಿಯಾ ಚಿಪ್ಪು ಕೊರೆದಿದೆ, ಮೈ ಅದನ್ನು ಕಪ್ಪು ಮುಚ್ಚಳ ಹಾಕಿ ಮುಚ್ಚಿದೆ. ಒಂದೆರಡು ಸಿಗಡಿಯಲ್ಲಿ ಒಂದೊಂದು ಚುಕ್ಕೆ ಇದ್ದರೆ ಮುಂದಿನ ಪೊರೆ ಕಳಚಿದಾಗ ಚಿಪ್ಪಿನ ಜೊತೆ ಹೋಗುತ್ತದೆ. ಹತ್ತರಲ್ಲಿ ನಾಲ್ಕಕ್ಕೆ ಇದೆಯೆಂದರೆ ತಳದ ಕೆಸರು ಕೊಳೆತಿದೆ ಎಂದು ತಿಳಿಯಬೇಕು.

ಇವಲ್ಲದೆ ರಕ್ತ ಹೆಪ್ಪುಗಟ್ಟಿಸುವ ವ್ಯವಸ್ಥೆ ಇದೆ. ಬ್ಯಾಕ್ಟೀರಿಯಾದ ಪೊರೆ ತೂತು ಮಾಡುವ ಸಣ್ಣ ಪ್ರೋಟೀನುಗಳಿವೆ. ವೈರಸ್ ವಿಚಾರದಲ್ಲಿ ಮಾತ್ರ ಸಿಗಡಿ ಕೊಂಚ ಬಡಪಾಯಿ. ವೈರಸ್ಸಿಗೆ ಬೀಟಾ-ಗ್ಲುಕನ್ ಗೋಡೆ ಇಲ್ಲ, ಅದು ಕೋಶದೊಳಗೇ ಅಡಗಿ ಕೂರುತ್ತದೆ. ಅಲ್ಲಿ ಸಿಗಡಿಗಿರುವ ಮುಖ್ಯ ಅಸ್ತ್ರ ಆರ್‌ಎನ್‌ಎ ಹಸ್ತಕ್ಷೇಪ. ಕೋಶದೊಳಗೆ ಜೋಡಿ ಎಳೆಯ ಆರ್‌ಎನ್‌ಎ ಕಂಡರೆ ಅದನ್ನು ತುಂಡರಿಸಿ, ಆ ತುಂಡುಗಳನ್ನೇ ಗುರುತಾಗಿ ಹಿಡಿದು ವೈರಸ್ಸಿನ ಮಿಕ್ಕ ಆರ್‌ಎನ್‌ಎಯನ್ನೂ ಕತ್ತರಿಸುತ್ತದೆ. ಈ ಪ್ರಕ್ರಿಯೆಯನ್ನು ಹುಳುವೊಂದರಲ್ಲಿ ಕಂಡುಹಿಡಿದ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಅವರಿಗೆ 2006ರಲ್ಲಿ ನೊಬೆಲ್ ಬಂತು. ಜೋಡಿ ಎಳೆಯ ಆರ್‌ಎನ್‌ಎ ಚುಚ್ಚಿದ ಸಿಗಡಿಗಳು ವೈರಸ್ ಎದುರು ಬದುಕುಳಿದದ್ದು ಪ್ರಯೋಗಾಲಯದಲ್ಲಿ ಸಾಬೀತಾಗಿದೆ. ಆದರೆ ಮೂರು ಸಾವಿರ ಸಿಗಡಿಗೆ ಒಂದೊಂದಾಗಿ ಸೂಜಿ ಹಾಕುವವರು ಯಾರು? ಮೇವಿನಲ್ಲಿ ಕೊಟ್ಟರೆ ಹೊಟ್ಟೆಯಲ್ಲೇ ಜೀರ್ಣವಾಗಿಬಿಡುತ್ತದೆ. ಅದನ್ನು ಜೀರ್ಣವಾಗದಂತೆ ಕರುಳು ದಾಟಿಸುವುದು ಹೇಗೆ ಎಂಬುದು ಸಂಶೋಧಕರಿಗೆ ಇವತ್ತಿಗೂ ತಲೆನೋವು. ವೈರಸ್ಸಿನ ಹೊರಪ್ರೋಟೀನನ್ನು ಮೇವಿನಲ್ಲಿ ಕೊಟ್ಟು ನೋಡಿದ ಪ್ರಯೋಗಗಳಲ್ಲೂ ರಕ್ಷಣೆ ಕೆಲವು ವಾರ ನಿಂತು ಇಳಿದುಹೋಯಿತು. ‘ಸಿಗಡಿ ಲಸಿಕೆ’ ಎಂಬ ಹೆಸರಿನಲ್ಲಿ ಯಾರಾದರೂ ಬಾಟಲಿ ಮಾರಿದರೆ ಇಷ್ಟನ್ನು ನೆನಪಿಟ್ಟುಕೊಂಡು ಮಾತಾಡಿ.

ಬಿಳಿಬಾಲ ರೋಗ

ಸಿಹಿನೀರು ಸಿಗಡಿ, ಅಂದರೆ ಸ್ಕ್ಯಾಂಪಿ, ಹೊಂಡದಲ್ಲಿ ಬೆಳೆದರೂ ಅದರ ಮರಿ ಹುಟ್ಟಿ ಬೆಳೆಯಲು ಉಪ್ಪುನೀರು ಬೇಕು. ಶಾವೊ-ವೆನ್ ಲಿಂಗ್ 1960ರ ದಶಕದ ಆರಂಭದಲ್ಲಿ ಮಲೇಷ್ಯಾದಲ್ಲಿ ಈ ಗುಟ್ಟು ಕಂಡುಕೊಂಡ ಮೇಲೆಯೇ ಇದರ ಸಾಕಣೆ ಸಾಧ್ಯವಾದದ್ದು. ಮೊಟ್ಟೆಯೊಡೆದ ಮರಿ ಲೀಟರಿಗೆ ಸುಮಾರು 12 ಗ್ರಾಂ ಉಪ್ಪಿರುವ ನೀರಿನಲ್ಲಿ 11 ಹಂತ ದಾಟಿ, ತಿಂಗಳ ಆಸುಪಾಸಿನಲ್ಲಿ ಸಿಗಡಿಯ ಆಕಾರಕ್ಕೆ ಬರುತ್ತದೆ. ನಮ್ಮ ಎರಡು ಜಿಲ್ಲೆಗೂ ಸಮುದ್ರವಿಲ್ಲ, ಆದ್ದರಿಂದ ಮರಿ ಬರುವುದು ಕರಾವಳಿಯ ಹ್ಯಾಚರಿಗಳಿಂದ, ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ, ರಾತ್ರಿಯಿಡೀ ಪ್ರಯಾಣ ಮಾಡಿ. ರೋಗ ಬರುವುದಾದರೂ ಹೆಚ್ಚಾಗಿ ಇದೇ ಚೀಲದಲ್ಲಿ.

ಅದರಲ್ಲಿ ಮುಖ್ಯವಾದದ್ದು ಬಿಳಿಬಾಲ ರೋಗ. ಇದಕ್ಕೆ ಎರಡು ವೈರಸ್ ಜೊತೆಯಾಗಿರುತ್ತವೆ. ಒಂದು ಎಂಆರ್‌ಎನ್‌ವಿ, ಎರಡು ತುಂಡು ಆರ್‌ಎನ್‌ಎ ಇರುವ, 26–27 ನ್ಯಾನೊಮೀಟರ್ ಗಾತ್ರದ ನೋಡಾವೈರಸ್. ಇನ್ನೊಂದು ಎಕ್ಸ್‌ಎಸ್‌ವಿ, 15 ನ್ಯಾನೊಮೀಟರಿನ ಪುಟಾಣಿ. ಇದರ ಬಳಿ ತನ್ನ ಹೊರಕವಚದ ವಂಶವಾಹಿ ಬಿಟ್ಟರೆ ಬೇರೆ ಬಂಡವಾಳವಿಲ್ಲ, ಹೆಚ್ಚಲು ಮೊದಲನೆಯದನ್ನೇ ಆಶ್ರಯಿಸುತ್ತದೆ. ರೋಗ ತಗಲಿದ ಮರಿಯ ಬಾಲದ ಮಾಂಸ ಮೊದಲು ಎರಡನೇ ಅಥವಾ ಮೂರನೇ ಗೆಣ್ಣಿನ ಹತ್ತಿರ ಹಾಲುಬಿಳಿಯಾಗಿ, ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಹರಡುತ್ತದೆ. ಮರಿ ಮಂಕಾಗುತ್ತದೆ, ತಿನ್ನುವುದು ಬಿಡುತ್ತದೆ. ಮೊದಲ ಲಕ್ಷಣ ಕಂಡ ಐದಾರು ದಿನದಲ್ಲಿ ಸಾವು ತುತ್ತತುದಿಗೆ ಹೋಗಿ ತೊಟ್ಟಿಯೇ ಖಾಲಿಯಾಗಬಹುದು.

ದೊಡ್ಡ ಸಿಗಡಿ ಇದರಿಂದ ಸಾಯುವುದಿಲ್ಲ, ಸಮಸ್ಯೆ ಇರುವುದೇ ಅಲ್ಲಿ. ಅದು ನೋಡಲು ಆರೋಗ್ಯವಾಗಿದ್ದು ವೈರಸ್ ಹೊತ್ತು ತಿರುಗುತ್ತದೆ, ತಾಯಿಯಾದರೆ ಮೊಟ್ಟೆಯ ಮೂಲಕ ಮರಿಗೆ ದಾಟಿಸುತ್ತದೆ.

ಈ ತಿಳಿವಳಿಕೆ ಒಂದೇ ಊರಿನಲ್ಲಿ ಕೂತು ಬಂದದ್ದಲ್ಲ. ರೋಗ ಮೊದಲು ದಾಖಲಾದದ್ದು 1990ರ ದಶಕದಲ್ಲಿ, ಕೆರಿಬಿಯನ್ ಸಮುದ್ರದ ಫ್ರೆಂಚ್ ದ್ವೀಪ ಗ್ವಾಡಲೂಪಿನಲ್ಲಿ. ಫ್ರಾನ್ಸಿನ ಮೊಂಪೆಲಿಯೆಯ ಜ್ಯಾನ್-ರಾಬೆರ್ ಬೊನಾಮಿ ಅವರ ತಂಡ ವೈರಸ್ಸನ್ನು ಬೇರ್ಪಡಿಸಿ ವಿವರಿಸಿತು. 2000ದ ದಶಕದ ಮೊದಲಲ್ಲಿ ಭಾರತದ ಹ್ಯಾಚರಿಗಳಲ್ಲಿ ಮರಿ ಬಿಳಿಚಿ ಸಾಯತೊಡಗಿದಾಗ ತಮಿಳುನಾಡಿನ ಮೇಲ್ವಿಶಾರಂನ ಸಿ. ಅಬ್ದುಲ್ ಹಕೀಂ ಕಾಲೇಜಿನ ಎ.ಎಸ್. ಸಾಹುಲ್ ಹಮೀದ್ ಅವರ ತಂಡ ಬೊನಾಮಿ ಅವರೊಂದಿಗೆ ಸೇರಿ ಅದು ಅದೇ ರೋಗ ಎಂದು ಖಚಿತಪಡಿಸಿತು. ತಾಯಿಗೆ ಸೋಂಕು ಹಾಕಿ ಮರಿಗಳಲ್ಲಿ ವೈರಸ್ ಹುಡುಕಿದ ಪ್ರಯೋಗ ನಡೆದದ್ದು ಮೇಲ್ವಿಶಾರಂನಲ್ಲೇ. ಮುಂದೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಬಿಳಿಬಾಲ ರೋಗಕ್ಕೆ ತನ್ನ ಅಧಿಕೃತ ಪ್ರಯೋಗಾಲಯವಾಗಿ ಆರಿಸಿದ್ದು ರಾಜಧಾನಿಯ ದೊಡ್ಡ ಸಂಸ್ಥೆಯನ್ನಲ್ಲ, ಈ ಸಣ್ಣ ಪಟ್ಟಣದ ಕಾಲೇಜನ್ನು. ಒಂದು ಕಡೆ ವೈರಸ್ಸಿನ ವಂಶವಾಹಿ ಓದುವ ಕೈ, ಇನ್ನೊಂದು ಕಡೆ ರೋಗದ ಮರಿ ಸಿಗುವ ಹ್ಯಾಚರಿಯ ನಂಟು. ಎರಡರಲ್ಲಿ ಒಂದಿಲ್ಲದಿದ್ದರೂ ಪರೀಕ್ಷಾ ವಿಧಾನ ರೂಪುಗೊಳ್ಳುತ್ತಿರಲಿಲ್ಲ.

ಮರಿಯ ಪರೀಕ್ಷೆ: 150 ಯಾಕೆ?

ಲಸಿಕೆ ಇಲ್ಲ, ವೈರಸ್ಸಿಗೆ ಔಷಧಿ ಇಲ್ಲ. ಹಾಗಾಗಿ ಉಳಿದ ದಾರಿ ವೈರಸ್ ಇಲ್ಲದ ಮರಿ ತರುವುದು. ಅದನ್ನು ತಿಳಿಯುವುದು ಪಿಸಿಆರ್‌ನಿಂದ, ಅಂದರೆ ವೈರಸ್ಸಿನ ವಂಶವಾಹಿಯ ತುಣುಕನ್ನು ಪ್ರತಿ ಮಾಡಿ ಹೆಚ್ಚಿಸಿ ಗುರುತಿಸುವ ಪರೀಕ್ಷೆಯಿಂದ. ಇಲ್ಲಿ ಎರಡು ಕಡೆ ಎಡವುತ್ತಾರೆ.

ಒಂದು, ತಪ್ಪು ವೈರಸ್ಸಿನ ಪರೀಕ್ಷೆ. ಸಮುದ್ರ ಸಿಗಡಿ ಬೆಳೆಯುವವರಿಗೆ ಮುಖ್ಯವಾದದ್ದು ಬಿಳಿಚುಕ್ಕೆ ವೈರಸ್, ಅದು ಡಿಎನ್‌ಎ ವೈರಸ್. ಸ್ಕ್ಯಾಂಪಿ ಅದಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಬಿಳಿಬಾಲದ ವೈರಸ್‌ಗಳು ಆರ್‌ಎನ್‌ಎಯವು. ಅದನ್ನು ಮೊದಲು ಡಿಎನ್‌ಎಗೆ ಪ್ರತಿ ಮಾಡಿಕೊಂಡು ಆಮೇಲೆ ಹೆಚ್ಚಿಸುವ ಆರ್‌ಟಿ-ಪಿಸಿಆರ್ ಬೇಕು. ಬಿಳಿಚುಕ್ಕೆಯ ವರದಿಯಷ್ಟೇ ತೋರಿಸಿದರೆ ಸ್ಕ್ಯಾಂಪಿ ಮರಿಯ ಮಟ್ಟಿಗೆ ಅದು ಬರಿಯ ಕಾಗದ. ವರದಿಯಲ್ಲಿ ಎಂಆರ್‌ಎನ್‌ವಿ, ಎಕ್ಸ್‌ಎಸ್‌ವಿ ಎರಡರ ಹೆಸರೂ, ಮರಿ ಇದ್ದ ತೊಟ್ಟಿಯ ಸಂಖ್ಯೆಯೂ, ಮಾದರಿ ತೆಗೆದ ದಿನಾಂಕವೂ ಇರಬೇಕು.

ಎರಡು, ಮಾದರಿಯ ಸಂಖ್ಯೆ. ತೊಟ್ಟಿಯಲ್ಲಿ ಲಕ್ಷ ಮರಿ ಇದ್ದು, ನೂರಕ್ಕೆ ಎರಡಕ್ಕೆ ಮಾತ್ರ ಸೋಂಕಿದೆ ಎಂದುಕೊಳ್ಳಿ. ಹತ್ತು ಮರಿ ಹಿಡಿದು ಪರೀಕ್ಷಿಸಿದರೆ ಹತ್ತೂ ಆರೋಗ್ಯವಾಗಿರುವ ಸಾಧ್ಯತೆ ನೂರಕ್ಕೆ 82ರಷ್ಟು. ವರದಿ ‘ಇಲ್ಲ’ ಎನ್ನುತ್ತದೆ, ವೈರಸ್ ತೊಟ್ಟಿಯಲ್ಲೇ ಇರುತ್ತದೆ. 30 ಹಿಡಿದರೂ ತಪ್ಪಿಹೋಗುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. 150 ಹಿಡಿದಾಗ ಅದು ನೂರಕ್ಕೆ ಐದಕ್ಕಿಂತ ಕೆಳಗೆ ಬರುತ್ತದೆ. ಅಂತರರಾಷ್ಟ್ರೀಯ ಕೈಪಿಡಿಗಳಲ್ಲಿರುವ 150ರ ಸಂಖ್ಯೆ ಹುಟ್ಟಿದ್ದು ಈ ಲೆಕ್ಕದಿಂದ. ನೂರಕ್ಕೆ ಐದು ಮರಿಗೆ ಸೋಂಕಿದ್ದರೆ 60 ಸಾಕು, ಹತ್ತಕ್ಕಿದ್ದರೆ 30 ಸಾಕು; ಆದರೆ ಎಷ್ಟಕ್ಕಿದೆ ಎಂದು ಮೊದಲೇ ಹೇಳುವವರು ಯಾರೂ ಇಲ್ಲ. 150ನ್ನೂ ಬೇರೆ ಬೇರೆ ಪರೀಕ್ಷಿಸಬೇಕಿಲ್ಲ, ಕೆಲವನ್ನು ಒಟ್ಟಿಗೆ ಅರೆದು ಒಂದು ಮಾದರಿ ಮಾಡುತ್ತಾರೆ, ಖರ್ಚು ಇಳಿಯುತ್ತದೆ. ಒಬ್ಬೊಬ್ಬರೇ ಮೂರು ಸಾವಿರ ಮರಿ ತರುವವರಿಗೆ ಆ ಖರ್ಚೂ ಭಾರವೇ. ಅರಸೀಕೆರೆಯಲ್ಲೋ ಕಡೂರಲ್ಲೋ ಹತ್ತು ಜನ ಸೇರಿ ಒಂದೇ ತೊಟ್ಟಿಯ ಮರಿ ಗೊತ್ತುಮಾಡಿಕೊಂಡು ಒಂದೇ ಪರೀಕ್ಷೆ ಮಾಡಿಸುವುದು ಜಾಣತನ.

ಮಾದರಿ ಕಳಿಸುವ ಕ್ರಮ ಹೀಗೆ. ಮರಿಯಾದರೆ ಇಡಿಯಾಗಿ, ಬದುಕಿರುವಾಗಲೇ ಅಥವಾ ಸಾಯುತ್ತಿರುವಾಗ, ಶೇ. 90–95ರ ಎಥನಾಲ್‌ಗೆ ಹಾಕಬೇಕು. ಮರಿಯ ಹತ್ತು ಪಟ್ಟು ಎಥನಾಲ್ ಇರಲಿ, ಕಡಿಮೆಯಾದರೆ ಮೈಯ ನೀರು ಬೆರೆತು ತೆಳುವಾಗಿ ಒಳಗೆ ಕೊಳೆಯುತ್ತದೆ. ಎಥನಾಲ್ ಅಂಗಡಿಯಲ್ಲಿ ಸಿಗುವುದು ಕಷ್ಟ, ಲ್ಯಾಬಿನಿಂದಲೇ ಟ್ಯೂಬ್ ತರಿಸಿಕೊಳ್ಳಿ. ಫಾರ್ಮಲಿನ್ ಹಾಕಿದ ಮಾದರಿ ಪಿಸಿಆರ್‌ಗೆ ಬರುವುದಿಲ್ಲ. ಸತ್ತು ಕೆಂಪೇರಿದ್ದನ್ನು ಕಳಿಸಿದರೆ ಆರ್‌ಎನ್‌ಎ ಆಗಲೇ ಚೂರಾಗಿರುತ್ತದೆ, ಸೋಂಕಿದ್ದರೂ ‘ಇಲ್ಲ’ ಎಂಬ ಉತ್ತರ ಬರಬಹುದು. ದೊಡ್ಡ ಸಿಗಡಿಯನ್ನು ಕೊಲ್ಲಬೇಕಿಲ್ಲ. ಹೊಟ್ಟೆಯಡಿ ಈಜಲು ಬಳಸುವ ಮೆತ್ತನೆಯ ಕಾಲುಗಳಲ್ಲಿ ಒಂದನ್ನು ಬುಡದ ಹತ್ತಿರ ಸ್ವಚ್ಛ ಕತ್ತರಿಯಿಂದ ಕತ್ತರಿಸಿ ಟ್ಯೂಬಿಗೆ ಹಾಕಿದರೆ ಸಾಕು, ಅದು ಮತ್ತೆ ಬೆಳೆಯುತ್ತದೆ. ಒಂದು ಸಿಗಡಿಗೆ ಬಳಸಿದ ಕತ್ತರಿಯನ್ನು ಇನ್ನೊಂದಕ್ಕೆ ಮುಟ್ಟಿಸುವ ಮೊದಲು ಬ್ಲೀಚಿಂಗ್ ನೀರಿನಲ್ಲಿ ಅದ್ದಿ ತೊಳೆಯಬೇಕು. ದೊಡ್ಡ ಸಿಗಡಿಯ ಮಾದರಿಗೆ ಕಣ್ಣು ಸೇರಿದರೆ ಪಿಸಿಆರ್ ಕೆಡುತ್ತದೆ, ಕಣ್ಣಿನಲ್ಲಿರುವ ವಸ್ತುಗಳು ಪರೀಕ್ಷೆಯ ಕಿಣ್ವವನ್ನು ತಡೆಯುತ್ತವೆ.

ಪರೀಕ್ಷೆ ದಾಟಿದ ಮರಿಯನ್ನೂ ನೇರ ಹೊಂಡಕ್ಕೆ ಸುರಿಯಬೇಡಿ. ಸಿಮೆಂಟ್ ತೊಟ್ಟಿಯಲ್ಲೋ ಹೊಂಡದೊಳಗೆ ಕಟ್ಟಿದ ಬಲೆಯ ಹಾಪಾದಲ್ಲೋ ಮೂರು ವಾರ ಇಡಿ. ಬಿಳಿಬಾಲ ಮರಿಯನ್ನು ಹಿಡಿಯುವ ರೋಗವಾದ್ದರಿಂದ ಇದ್ದರೆ ಬಹುಮಟ್ಟಿಗೆ ಈ ಅವಧಿಯಲ್ಲೇ ತೋರುತ್ತದೆ, ನಷ್ಟ ಮರಿಯ ದುಡ್ಡಿಗೆ ನಿಲ್ಲುತ್ತದೆ.

ಬಿಳಿಯಾದದ್ದೆಲ್ಲ ವೈರಸ್ಸಲ್ಲ

ಸಿಗಡಿಯ ಮಾಂಸ ವೈರಸ್ ಇಲ್ಲದೆಯೂ ಬಿಳಿಚುತ್ತದೆ. ಆಮ್ಲಜನಕ ಕುಸಿದರೆ, ಚೀಲದ ನೀರಿಗೂ ಹೊಂಡದ ನೀರಿಗೂ ಉಷ್ಣಾಂಶ ತುಂಬ ವ್ಯತ್ಯಾಸವಿದ್ದರೆ, ಬಲೆಯಲ್ಲಿ ಹೆಚ್ಚು ಹೊತ್ತು ಒದ್ದಾಡಿದರೆ ಸ್ನಾಯು ಸಾಯುತ್ತದೆ, ನೋಡಲು ಅದೂ ಬಿಳಿಯೇ. ಮರಿ ಬಿಟ್ಟ ಮರುದಿನವೇ ಬಿಳಿಚಿದ್ದು, ಆಮೇಲೆ ಹೆಚ್ಚದೆ ನಿಂತರೆ ಪ್ರಯಾಣದ ಪೆಟ್ಟು ಎಂಬ ಅನುಮಾನ ಮೊದಲು ಬರಲಿ. ಒಂದರಿಂದ ಶುರುವಾಗಿ ದಿನದಿನಕ್ಕೆ ಹೆಚ್ಚುತ್ತಾ ಹೋದರೆ ಸೋಂಕಿನ ಅನುಮಾನ. ಇಷ್ಟು ಅಂದಾಜಿಗೆ ಮಾತ್ರ, ತೀರ್ಮಾನ ಪರೀಕ್ಷೆಯದ್ದೇ.

ಮಲೆನಾಡಿನ ಹೊಂಡಗಳಿಗೆ ಇನ್ನೊಂದು ತೊಂದರೆ ಇದೆ, ಇದನ್ನು ಕರಾವಳಿಗೆಂದು ಬರೆದ ಪುಸ್ತಕಗಳು ಹೇಳುವುದಿಲ್ಲ. ಮಳೆಗಾಲಕ್ಕೆ ಮುಂಚೆ ಅಡಿಕೆಗೆ, ಮೆಣಸಿಗೆ, ಕಾಫಿಗೆ ಬೋರ್ಡೋ ಎಂಬ ಶಿಲೀಂಧ್ರನಾಶಕ ಹೊಡೆಯುತ್ತಾರೆ. ಶೇ. 1ರ ಬೋರ್ಡೋ ಅಂದರೆ 100 ಲೀಟರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. 200 ಲೀಟರಿನ ಒಂದು ಬ್ಯಾರೆಲ್‌ನಲ್ಲಿ ಸುಮಾರು ಅರ್ಧ ಕಿಲೋ ತಾಮ್ರ ಇರುತ್ತದೆ. 20 ಗುಂಟೆಯ, ಒಂದು ಮೀಟರ್ ಆಳದ ಹೊಂಡದಲ್ಲಿ ಸುಮಾರು 2,000 ಘನಮೀಟರ್ ನೀರು. ಅಷ್ಟೂ ತಾಮ್ರ ಕೊಚ್ಚಿ ಬಂದರೆ ಲೀಟರಿಗೆ 0.25 ಮಿಲಿಗ್ರಾಂ. ಎಲ್ಲವೂ ಬರುವುದಿಲ್ಲ, ಬಂದದ್ದೆಲ್ಲ ಕರಗುವುದೂ ಇಲ್ಲ, ನಿಜ. ಆದರೆ ಚಿಪ್ಪಿನ ಜೀವಿಗಳಿಗೆ ಕರಗಿದ ತಾಮ್ರ ಬಲು ವಿಷ, ಅದೂ ಸುಣ್ಣದಂಶ ಕಡಿಮೆಯಿರುವ ಮೆದು ನೀರಿನಲ್ಲಿ ಇನ್ನೂ ಹೆಚ್ಚು. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಹಳ್ಳದ ನೀರು ಮೆದುವಾದದ್ದೇ. ಕಾಂಡಕೊರಕಕ್ಕೆ ಹೊಡೆಯುವ ಕ್ಲೋರ್‌ಪೈರಿಫಾಸ್, ತರಕಾರಿಗೆ ಹೊಡೆಯುವ ಸೈಪರ್‌ಮೆಥ್ರಿನ್ ಇನ್ನೂ ಅಪಾಯಕಾರಿ. ಸಿಗಡಿ ಮತ್ತು ಕೀಟ ಒಂದೇ ದೊಡ್ಡ ಕುಲದವು, ಹುಳ ಸಾಯಿಸುವ ಔಷಧಿಗೆ ಸಿಗಡಿ ಬೇರೆ ಅಂತ ಗೊತ್ತಾಗದು. ಡಿಸೆಂಬರ್‌ನಿಂದ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ನೀರು ಬೇರೆ. ಹುಳಿಯಾದ, ಕೊಳೆಯುವ ಸಕ್ಕರೆಯಂಶ ತುಂಬಿದ ಆ ನೀರು ಹೊಂಡಕ್ಕೆ ಹೊಕ್ಕರೆ ಒಂದು ರಾತ್ರಿಯಲ್ಲಿ ಆಮ್ಲಜನಕ ಬರಿದು. ಒಂದೇ ರಾತ್ರಿಗೆ ದೊಡ್ಡದು ಚಿಕ್ಕದು ಎನ್ನದೆ ಸತ್ತಿದ್ದರೆ, ಅದರಲ್ಲೂ ಹೊಂಡದ ನೀರುಹುಳುಗಳೂ ಸತ್ತು ತೇಲಿದ್ದರೆ, ವೈರಸ್ ಹುಡುಕುವ ಮೊದಲು ಮೇಲಿನ ತೋಟದಲ್ಲಿ ಏನು ಹೊಡೆದರು ಎಂದು ವಿಚಾರಿಸಿ. ಮೇಲಿನಿಂದ ಹರಿದು ಬರುವ ಮಳೆನೀರನ್ನು ಬದು ಹಾಕಿ, ಕಾಲುವೆ ತೋಡಿ ಹೊಂಡದಿಂದ ತಪ್ಪಿಸುವುದು ಇಲ್ಲಿ ರೋಗ ತಡೆಯಷ್ಟೇ ಮುಖ್ಯ.

ಕಾವಲು ಕುಸಿಯುವುದು ಯಾವಾಗ

ಸಿಗಡಿ ಬೆಳೆಯಬೇಕಾದರೆ ಚಿಪ್ಪು ಕಳಚಬೇಕು. ಎಳೆಯದು ವಾರದ ಆಸುಪಾಸಿನಲ್ಲಿ, ದೊಡ್ಡದು ಮೂರು ವಾರದಿಂದ ತಿಂಗಳ ಮೇಲೆ ಒಮ್ಮೆ ಕಳಚುತ್ತದೆ. ಹೊಸ ಚಿಪ್ಪು ಗಟ್ಟಿಯಾಗುವ ತನಕ ಮೈ ಮೆತ್ತಗೆ, ರೋಗಾಣುವಿಗೂ ಸುಲಭ, ಜೊತೆಗಾರ ಸಿಗಡಿಯ ಬಾಯಿಗೂ ಸುಲಭ. ಹಂಚಿನ ತುಂಡು, ಪೈಪಿನ ತುಣುಕು, ತೆಂಗಿನ ಗರಿ ತಳದಲ್ಲಿ ಹಾಕುವುದು ಈ ಹೊತ್ತಿನಲ್ಲಿ ಅಡಗಲೆಂದು.

ಚಿಪ್ಪು ಗಟ್ಟಿಯಾಗಲು ನೀರಿನ ಸುಣ್ಣದಂಶ ಬೇಕು. ಗಡಸುತನ ಲೀಟರಿಗೆ 30ರಿಂದ 150 ಮಿಲಿಗ್ರಾಂ ನಡುವೆ ಇರುವುದು ಒಳ್ಳೆಯದು. ಮಲೆನಾಡಿನ ಹಳ್ಳದ ನೀರು ಕೆಳಗೆ ಬೀಳುತ್ತದೆ, ಅರಸೀಕೆರೆ–ಕಡೂರು ಕಡೆಯ ಕೊಳವೆಬಾವಿ ನೀರು ಎಷ್ಟೋ ಕಡೆ ಮೇಲಕ್ಕೆ ಹೋಗುತ್ತದೆ. ಹೆಚ್ಚಾದರೆ ಚಿಪ್ಪಿನ ಮೇಲೆ ಸುಣ್ಣ ಕೂತು ಬೆಳವಣಿಗೆ ಕುಂಠಿತವಾಗುತ್ತದೆ. ಅಲ್ಲಿ ಮಳೆನೀರು ಬೆರೆಸುವುದೇ ಮದ್ದು. ಕಡಿಮೆಯಿದ್ದರೆ ಕೃಷಿ ಸುಣ್ಣ. 2,000 ಘನಮೀಟರಿನ ಹೊಂಡದಲ್ಲಿ ಗಡಸುತನ ಒಂದು ಮಿಲಿಗ್ರಾಂ ಏರಿಸಲು ಎರಡು ಕಿಲೋ ಶುದ್ಧ ಸುಣ್ಣದ ಕಲ್ಲಿನ ಪುಡಿ ಬೇಕು, 30 ಏರಿಸಲು 60 ಕಿಲೋ. ಅದನ್ನೂ ಒಂದೇ ದಿನ ಸುರಿಯದೆ ವಾರಗಟ್ಟಲೆ ಹಂಚಿ ಹಾಕಬೇಕು. ಸುಟ್ಟ ಸುಣ್ಣವನ್ನು ಸಿಗಡಿ ಇರುವ ನೀರಿಗೆ ಹಾಕಬೇಡಿ, ಪಿಎಚ್ ಗಕ್ಕನೆ ಏರುತ್ತದೆ.

ಉಷ್ಣಾಂಶ ಇನ್ನೊಂದು. ಸ್ಕ್ಯಾಂಪಿಗೆ ಹಿಡಿಸುವುದು 28–31 ಡಿಗ್ರಿ. ಡಿಸೆಂಬರ್, ಜನವರಿಯ ಚಳಿಗೆ ನಮ್ಮ ಹೊಂಡದ ನೀರು ಇದಕ್ಕಿಂತ ಬಹಳ ಕೆಳಗಿರುತ್ತದೆ. ಸಿಗಡಿ ತಿನ್ನುವುದು ಕಡಿಮೆ ಮಾಡುತ್ತದೆ, ಅದರ ಕಿಣ್ವಗಳೂ ನಿಧಾನಿಸುತ್ತವೆ. ಮೇ ಕೊನೆಗೆ ಮರಿ ಬಿಟ್ಟು ಚಳಿ ಬಲಿಯುವ ಮುಂಚೆ ಹಿಡಿದುಬಿಡುವುದು ಇಲ್ಲಿಗೆ ಹೊಂದುವ ಲೆಕ್ಕ. ಜುಲೈ, ಆಗಸ್ಟಿನಲ್ಲಿ ದಿನಗಟ್ಟಲೆ ಬಿಸಿಲೇ ಕಾಣದಾಗ ಪಾಚಿ ಆಮ್ಲಜನಕ ತಯಾರಿಸುವುದಿಲ್ಲ. ನಸುಕಿನಲ್ಲಿ ಸಿಗಡಿ ದಂಡೆಗೆ ಬಂದು ಕೂತಿದ್ದರೆ ಅವತ್ತು ಮೇವು ನಿಲ್ಲಿಸಿ, ಏರಿಯೇಟರ್ ಅಥವಾ ಪಂಪ್ ಹಾಕಿ ನೀರು ಚಿಮ್ಮಿಸಿ. ಉಸಿರಾಟಕ್ಕೆ ಪರದಾಡುವ ಸಿಗಡಿಯ ರಕ್ತಕಣಗಳ ಸಂಖ್ಯೆಯೂ ಇಳಿಯುತ್ತದೆ.

ಈಗ ಆ ಪುಡಿಗಳ ವಿಚಾರ. ಯೀಸ್ಟಿನ ಗೋಡೆಯಿಂದ ತೆಗೆದ ಬೀಟಾ-ಗ್ಲುಕನ್ ಮೇವಿನಲ್ಲಿ ಹೋದಾಗ ಸಿಗಡಿಯ ಮೈ ಶಿಲೀಂಧ್ರ ಬಂತು ಎಂದುಕೊಂಡು ಎಚ್ಚರಾಗುತ್ತದೆ, ಮೇಲೆ ಹೇಳಿದ ಸರಪಳಿ ಚುರುಕಾಗುತ್ತದೆ. ಇದು ಸುಳ್ಳಲ್ಲ. ಆದರೆ ದಿನವೂ ಹಾಕಿದರೆ ಮೈ ದಣಿಯುತ್ತದೆ. ಕೊಚ್ಚಿ ವಿಶ್ವವಿದ್ಯಾಲಯದ ಸಂಶೋಧಕರು ಬಿಳಿ ಸಿಗಡಿಯ ಮೇಲೆ ನೋಡಿದಾಗ ವಾರಕ್ಕೊಮ್ಮೆ ಕೊಟ್ಟದ್ದೇ ದಿನವೂ ಕೊಟ್ಟದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಕೊಳೆತ ತಳ, ಆಮ್ಲಜನಕವಿಲ್ಲದ ನೀರು ಇಟ್ಟುಕೊಂಡು ಪುಡಿ ಹಾಕಿದರೆ ದುಡ್ಡು ದಂಡ. ಆಂಟಿಬಯಾಟಿಕ್ ವೈರಸ್ಸಿಗೆ ಏನೂ ಮಾಡದು. ಕ್ಲೋರಾಂಫೆನಿಕಾಲ್, ನೈಟ್ರೊಫ್ಯುರಾನ್ ನಿಷಿದ್ಧ, ಉಳಿಕೆ ಪತ್ತೆಯಾದರೆ ಮಾಲೇ ತಿರಸ್ಕಾರವಾಗುತ್ತದೆ.

ಹೊಂಡದ ರೈತ ಸಂಶೋಧನೆಯಲ್ಲಿ ಎಲ್ಲಿ ಬರುತ್ತಾನೆ

ಮಂಗಳೂರಿನ ಮೀನುಗಾರಿಕಾ ಕಾಲೇಜು ಶುರುವಾದದ್ದು 1969ರಲ್ಲಿ. ಅಲ್ಲಿ ಇಂದ್ರಾಣಿ ಕರುಣಾಸಾಗರ್, ಇಡ್ಯಾ ಕರುಣಾಸಾಗರ್ ಅವರ ತಂಡ ಕರಾವಳಿಯ ಸಿಗಡಿ ಹೊಂಡಗಳ ಬಿಳಿಚುಕ್ಕೆ ವೈರಸ್ ಮೇಲೆ ಮಾಡಿದ ಕೆಲಸ ದೇಶದ ಹೊರಗೂ ಹೆಸರಾಗಿದೆ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ 2007ರಿಂದ ವರ್ಲ್ಡ್‌ಫಿಶ್ ಎಂಬ ಅಂತರರಾಷ್ಟ್ರೀಯ ಮೀನು ಸಂಶೋಧನಾ ಸಂಸ್ಥೆಯ ಜೊತೆ ಸ್ಕ್ಯಾಂಪಿ ತಳಿ ಸುಧಾರಣೆ ನಡೆಸಿತು. ಗುಜರಾತ್, ಕೇರಳ, ಒಡಿಶಾ ಮೂರೂ ಕಡೆಯ ಸಿಗಡಿಯನ್ನು ಅಡ್ಡ ಹಾಯಿಸಿ, ಕುಟುಂಬ ಕುಟುಂಬವಾಗಿ ತೂಗಿ ಆರಿಸುವ ಕೆಲಸ. ಒಂದೇ ಬಳಗದ ತಾಯಿ–ತಂದೆಯಿಂದ ತಲೆಮಾರುಗಟ್ಟಲೆ ಮರಿ ಮಾಡಿ ತಳಿ ಸೊರಗಿದ್ದೂ, 2009ರ ಹೊತ್ತಿಗೆ ವೆನ್ನಾಮಿ ಎಂಬ ವಿದೇಶಿ ಸಮುದ್ರ ಸಿಗಡಿ ಬಂದದ್ದೂ ಸೇರಿ, 2005–06ರಲ್ಲಿ 42 ಸಾವಿರ ಟನ್ ಮುಟ್ಟಿದ್ದ ದೇಶದ ಸ್ಕ್ಯಾಂಪಿ ಉತ್ಪಾದನೆ ಕೆಲವೇ ವರ್ಷದಲ್ಲಿ ಕುಸಿದಿತ್ತು.

ಇಲ್ಲಿ ಒಂದು ಗೊಂದಲ ತಿಳಿಯಾಗಬೇಕು. ‘ರೋಗಮುಕ್ತ ತಳಿ’ ಅಂದರೆ ಹೆಸರಿಸಿದ ಕೆಲವು ರೋಗಾಣು ಇಲ್ಲದ ಜಾಗದಲ್ಲಿ ಬೆಳೆಸಿದ ತಳಿ ಅಷ್ಟೇ. ಅದನ್ನು ಸೋಂಕಿರುವ ಹೊಂಡಕ್ಕೆ ಬಿಟ್ಟರೆ ಮಿಕ್ಕವುಗಳಂತೆಯೇ ಸಾಯುತ್ತದೆ. ‘ರೋಗನಿರೋಧಕ ತಳಿ’ ಬೇರೆಯೇ ಮಾತು. ಸೋಂಕು ತಗಲಿದರೂ ಬದುಕುವ ಕುಟುಂಬಗಳನ್ನು ತಲೆಮಾರುಗಟ್ಟಲೆ ಆರಿಸಬೇಕು.

ಆ ಆಯ್ಕೆಗೆ ಬೇಕಾದ ಮಾಹಿತಿಯ ಒಂದು ಭಾಗ ಪ್ರಯೋಗಾಲಯದಲ್ಲಿ ಸಿಗುತ್ತದೆ. ಹೊಟ್ಟೆಯಡಿಯ ಕಾಲಿನ ಬುಡದಿಂದ ಸಿರಿಂಜಿನಲ್ಲಿ, ಹೆಪ್ಪುಗಟ್ಟದ ದ್ರಾವಣ ಮೊದಲೇ ತುಂಬಿಟ್ಟು, ಒಂದೆರಡು ಹನಿ ರಕ್ತ ಎಳೆಯುತ್ತಾರೆ. ದ್ರಾವಣ ಇಲ್ಲದಿದ್ದರೆ ಸೂಜಿಯಲ್ಲೇ ಮುದ್ದೆಯಾಗುತ್ತದೆ. ಒಂದು ಪಾಲನ್ನು ಗೆರೆ ಕೊರೆದ ಗಾಜಿನ ಮೇಲೆ ಹಾಕಿ ಸೂಕ್ಷ್ಮದರ್ಶಕದಲ್ಲಿ ರಕ್ತಕಣ ಎಣಿಸುತ್ತಾರೆ. ಇನ್ನೊಂದಕ್ಕೆ ಎಲ್-ಡೋಪಾ ಎಂಬ ವಸ್ತು ಸೇರಿಸಿದರೆ ಫಿನಾಲ್‌ಆಕ್ಸಿಡೇಸ್ ಅದನ್ನು ಕಿತ್ತಳೆಗೆಂಪು ಬಣ್ಣಕ್ಕೆ ತಿರುಗಿಸುತ್ತದೆ. 490 ನ್ಯಾನೊಮೀಟರ್ ಬೆಳಕಿನಲ್ಲಿ ಬಣ್ಣದ ಗಾಢತೆ ಅಳೆದರೆ ಕಿಣ್ವದ ಚುರುಕು ತಿಳಿಯುತ್ತದೆ. ಆದರೆ ಈಗಷ್ಟೇ ಚಿಪ್ಪು ಕಳಚಿದ ಸಿಗಡಿಯ ಎಣಿಕೆಯೂ ಗಟ್ಟಿ ಚಿಪ್ಪಿನದರ ಎಣಿಕೆಯೂ ಒಂದೇ ಇರುವುದಿಲ್ಲ. ಯಾವ ಹೊಂಡ, ನಸುಕಿನ ಆಮ್ಲಜನಕ ಎಷ್ಟು, ಎಷ್ಟು ದಿನದ ಬೆಳೆ, ಯಾವ ತೊಟ್ಟಿಯ ಮರಿ ಎಂಬ ಮಾಹಿತಿ ಇಲ್ಲದೆ ಬಂದ ಮಾದರಿಯಿಂದ ಲ್ಯಾಬಿನವರು ಹೇಳುವುದು ಅಷ್ಟಕ್ಕಷ್ಟೇ. ರೈತನ ನೋಟ್‌ಪುಸ್ತಕಕ್ಕೆ ಬೆಲೆ ಬರುವುದು ಇಲ್ಲಿ: ದಿನಾಂಕ, ಬೆಳಗಿನ ನೀರಿನ ಉಷ್ಣಾಂಶ, ಪಿಎಚ್, ಹಾಕಿದ ಮೇವು, ಸತ್ತವುಗಳ ಸಂಖ್ಯೆ, ಮಳೆ, ಮೇಲಿನ ತೋಟದಲ್ಲಿ ಔಷಧಿ ಹೊಡೆದ ದಿನ.

2013ರಲ್ಲಿ ಶುರುವಾದ ರಾಷ್ಟ್ರೀಯ ಜಲಚರ ರೋಗ ಕಣ್ಗಾವಲು ಕಾರ್ಯಕ್ರಮವನ್ನು ಲಖನೌನ ರಾಷ್ಟ್ರೀಯ ಮೀನು ಆನುವಂಶಿಕ ಸಂಪನ್ಮೂಲ ಬ್ಯೂರೊ ನಡೆಸಿಕೊಂಡು ಬಂದಿದೆ. ರೋಗ ಕಂಡವರು ಫೋಟೊ ಸಮೇತ ತಿಳಿಸಲು 2023ರಲ್ಲಿ ‘ರಿಪೋರ್ಟ್ ಫಿಶ್ ಡಿಸೀಸ್’ ಎಂಬ ಆ್ಯಪ್ ಬಂತು. ಹತ್ತಿರದಲ್ಲಿ ಕಂದಲಿ ಮತ್ತು ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರಗಳೂ ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯೂ ಇವೆ. ಮಾದರಿ ಎಲ್ಲಿಗೆ, ಹೇಗೆ ಕಳಿಸಬೇಕು ಎಂದು ಮರಿ ಬಿಡುವ ಮೊದಲೇ ಕೇಳಿಟ್ಟುಕೊಳ್ಳಿ. ಸಾವು ಶುರುವಾದ ದಿನ ಫೋನ್ ನಂಬರ್ ಹುಡುಕುತ್ತ ಕೂತರೆ ಮಾದರಿ ಕೊಳೆಯುತ್ತದೆ.

ರೋಗ ಬಂದೇಬಿಟ್ಟರೆ

ಸತ್ತವನ್ನು ದಿನವೂ ಜಾಲಿಯಿಂದ ತೆಗೆದು, ನಾಯಿ, ಕಾಗೆಗೆ ಸಿಗದಂತೆ ಸುಣ್ಣ ಹಾಕಿ ಹೂಳಬೇಕು. ನೀರನ್ನು ಹಳ್ಳಕ್ಕೆ ಬಿಡಬಾರದು. ಯಗಚಿ, ಹೇಮಾವತಿ, ಭದ್ರೆಗೆ ಸೇರುವ ಹಳ್ಳಗಳಲ್ಲಿ ಕಾಡುಸಿಗಡಿಯೂ ಏಡಿಯೂ ಇವೆ, ಕೆಳಗಿನ ಹೊಂಡದವರು ಅದೇ ನೀರೆತ್ತುತ್ತಾರೆ. ಉಳಿದ ಸಿಗಡಿ ಹಿಡಿದ ಮೇಲೆ ನೀರನ್ನು ತೋಟಕ್ಕೆ ಹಾಯಿಸಿ ಒಂದಡಿಗೆ ಇಳಿಸಿದರೆ ಬ್ಲೀಚಿಂಗ್ ಪುಡಿಯ ಖರ್ಚು ಮೂರನೇ ಒಂದಕ್ಕೆ ಬರುತ್ತದೆ: ಘನಮೀಟರಿಗೆ 60 ಗ್ರಾಂ ಲೆಕ್ಕದಲ್ಲಿ 20 ಗುಂಟೆಯ ಹೊಂಡಕ್ಕೆ 36 ಕಿಲೋ. ಜೊತೆಗೆ ಮೀನಿದ್ದರೆ ಮೊದಲೇ ಹಿಡಿದುಬಿಡಬೇಕು, ಕ್ಲೋರಿನ್ ಅವನ್ನೂ ಬಿಡದು. ಪುಡಿ ಹಳೆಯದಾಗಿ ವಾಸನೆ ಕಳೆದುಕೊಂಡಿದ್ದರೆ ಅದರಲ್ಲಿ ಕ್ಲೋರಿನ್ ಉಳಿದಿಲ್ಲ ಎಂದೇ ಅರ್ಥ. ಸುಣ್ಣ ಹಾಕಿದ ದಿನವೇ ಬ್ಲೀಚಿಂಗ್ ಹಾಕಬಾರದು, ಪಿಎಚ್ ಏರಿದರೆ ಕ್ಲೋರಿನ್ನಿನ ಶಕ್ತಿ ಕುಗ್ಗುತ್ತದೆ. ಹತ್ತು ದಿನ ಬಿಟ್ಟು ನೀರು ತೆಗೆದು, ತಳ ಬಿರುಕು ಬಿಡುವವರೆಗೆ ಒಣಗಿಸಿ, ಕಪ್ಪು ಕೆಸರನ್ನು ಕೆರೆದು ತೆಗೆದು, ಆಮೇಲೆ ಸುಣ್ಣ. ಬಲೆ, ಬಕೆಟ್, ಹಾಪಾಗಳನ್ನು ಬ್ಲೀಚಿಂಗ್ ನೀರಿನಲ್ಲಿ ನೆನೆಸಿ ಬಿಸಿಲಿಗೆ ಒಣಹಾಕಿ. ನೆರೆಯವರಿಗೆ ಬಲೆ ಎರವಲು ಕೊಡುವ ವಾಡಿಕೆ ಇದ್ದರೆ ಆ ಬೆಳೆಗಾದರೂ ನಿಲ್ಲಿಸಿ. ದಂಡೆಯ ಏಡಿಬಿಲ ಮುಚ್ಚಿ, ನೀರು ತುಂಬುವ ಪೈಪಿಗೆ ಸಣ್ಣಕಣ್ಣಿನ ಬಲೆ ಕಟ್ಟಿ. ಮುಂದಿನ ಮರಿಯನ್ನು ಬೇರೆ ಹ್ಯಾಚರಿಯಿಂದ ತಂದರೂ ಸರಿ, ಅದೇ ಹ್ಯಾಚರಿಯಿಂದ ತಂದರೂ ಸರಿ, ತಾಯಿ ಸಿಗಡಿಗಳ ಪರೀಕ್ಷಾ ವರದಿಯನ್ನೂ ಕೇಳಿ ಪಡೆಯಿರಿ.